ಪ್ರೇರಣಾ ಹೊರಿಸಿದ ಉಸಾಬರಿ

೨೧ ಮಾರ್ಚ್ ೨೦೧೫, ಶನಿವಾರ. ಕಾಪೆಲ್, ಟೆಕ್ಸಸ್.

ಯುಗಾದಿ ಊಟದಲ್ಲಿ ಎಲ್ಲರೆದುರು ಪ್ರೇರಣಾ ಅಂದ ಮಾತು ಇನ್ನೂ ಚುಚ್ಚುತ್ತಿದೆ. ತನ್ನ ತಂಗಿಗೆ ನೋಡಿದ್ದ ಹ್ಯೂಸ್ಟನ್ ಹುಡುಗನ ಬಗ್ಗೆ ವಿಚಾರಿಸಲು ನನ್ನನ್ನು ಕೇಳಿಕೊಂಡವಳು ಅವಳೇ. ಅವನಿಗೆ ಮೊದಲೇ ಒಂದು ಮದುವೆಯಾಗಿತ್ತೆಂದು ತಿಳಿಯಿತು. ಅವಳೊಬ್ಬಳಿಗೇ ಹೇಳಿದೆ. ಸಂಬಂಧ ಮುರಿಯಿತು. ಇವತ್ತು ಊಟಕ್ಕೆ ಬಂದಿದ್ದ ಹುಡುಗನ ತಾಯಿ ಇದನ್ನೆಲ್ಲ ವಿಚಾರಿಸಿದ್ದು ಯಾರೆಂದು ಕೆದಕಿದಾಗ, "ನಾವೇನ್ ಕೇಳಿರಲಿಲ್ರಿ. ನಮ್ಮ ಅಕ್ಕಾರಿಗೆ ಊರ ಉಸಾಬರಿ ಭಾಳ," ಎಂದು ನಕ್ಕಳು.

ಅವ್ವನ ಬಾಯಲ್ಲಿ ಉಸಾಬರಿ ಎಂದರೆ ಹೊತ್ತುಕೊಂಡ ಜವಾಬ್ದಾರಿ. ಯಾರೂ ಹೊರಿಸದೆ ಊರಿನದನ್ನೆಲ್ಲ ಹೊತ್ತವರನ್ನು ಕಂಡು ಜನ 'ಊರ ಉಸಾಬರಿ' ಎಂದು ಆಡಿಕೊಂಡಿರಬೇಕು. ನನ್ನನ್ನಾದರೋ, ಹೊರಿಸಿದವಳೇ ಆಡಿಕೊಂಡಳು.

ನಾನು ಹೊರಡುವಾಗ ಅವಳೇ ಕಾರಿನ ತನಕ ಬಂದು ಮೆಲ್ಲಗೆ, "ಅಕ್ಕಾರ, ಆಸ್ಟಿನ್‌ನಾಗ ಇನ್ನೊಬ್ಬ ಹುಡುಗ ಇದ್ದಾನ. ಸ್ವಲ್ಪ ವಿಚಾರಿಸ್ತೀರೇನ್ರಿ?" ಅಂದಳು.

ಪೆದ್ದಿ ನಾನು, ಹೆಸರು ಬರೆದುಕೊಂಡು ಬಂದಿದ್ದೇನೆ.