ಹಾಸ್ಟೆಲ್ ಮುಚ್ಚಿದ್ದು ಯಾವ ದೇವರು?

ಸಭೆಗಳ ಮಾನ್ಯ ಮೇಲ್ವಿಚಾರಕರೇ,

ಮಾನ್ವಿಯ ನಮ್ಮ ಕ್ರೈಸ್ತ ಸಭೆಯ ಹೆಣ್ಣುಮಕ್ಕಳ ಹಾಸ್ಟೆಲನ್ನು ದಸರಾ ರಜೆಯಲ್ಲಿ ಮುಚ್ಚಿದ್ದು ದೇವರು ಎನ್ನುತ್ತೀರಿ. ಮುಚ್ಚಿದ್ದು ನೀವು ಎಂಬುದು ನನ್ನ ಅನುಮಾನ. ಇದನ್ನು ಹೇಳಲು ರಾಯಚೂರಿನ ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರು ಸಲವೂ ತಾವು ಪ್ರಾರ್ಥನೆಯಲ್ಲಿದ್ದಿರಿ. ಹಾಗಾಗಿ ಎಲ್ಲರೆದುರು ಬರೆಯುತ್ತಿದ್ದೇನೆ.

ಮುಚ್ಚುವ ತೀರ್ಮಾನವಾದ ಭಾನುವಾರ ದೇವಾಲಯದಲ್ಲಿ ನಿಮ್ಮ ಪ್ರಸಂಗ ಮುಂದಾಗುವುದನ್ನು ಮೊದಲೇ ಹೇಳುವ ಪ್ರವಾದನೆಯ ಮೇಲಿತ್ತು. ಬಾಬೆಲಿನ ಅರಸ ಕನಸಿನಲ್ಲಿ ಕಂಡ ದೊಡ್ಡ ಪ್ರತಿಮೆಯನ್ನು ಬಟ್ಟೆಯ ಮೇಲೆ ಬರೆಸಿ ತೂಗುಹಾಕಿ ಕೋಲಿನಿಂದ ತೋರಿಸಿದಿರಿ: ಬಂಗಾರದ ತಲೆ ಬಾಬೆಲ್, ಕೆಳಗೆ ಬೆಳ್ಳಿ, ಕಂಚು, ಕಬ್ಬಿಣ, ಮಣ್ಣು, ಅದರ ನಂತರ ಬರುವ ರಾಜ್ಯಗಳು. ರಾಜ್ಯಗಳನ್ನು ಎತ್ತುವವನೂ ಇಳಿಸುವವನೂ ಕರ್ತನೇ ಎಂದಿರಿ. ನಾವೂ ಆಮೆನ್ ಎಂದೆವು. ರಾಯಚೂರು ಸೀಮೆಯವರಿಗೆ ಇದು ಹೊಸದೇ? ವಿಜಯನಗರ, ಆದಿಲಶಾಹಿ, ನಿಜಾಮ ಎಂದು ಎಷ್ಟು ಬಾವುಟ ನಮ್ಮ ಕೋಟೆಯ ಮೇಲೆ ಹಾರಿ ಇಳಿದಿವೆ! ಆದರೆ ಬಾಬೆಲಿನಿಂದ ನೀವು ನೆಟ್ಟಗೆ ನಮ್ಮ ಹಾಸ್ಟೆಲಿಗೆ ಬಂದಿರಿ. ಅರಸರ ಗತಿ ಬರೆದವನು ಈ ಹನ್ನೊಂದು ಹುಡುಗಿಯರದ್ದೂ ಬರೆದಿರುತ್ತಾನೆ, ಹಾಸ್ಟೆಲ್ ಇರಬೇಕೋ ಮುಚ್ಚಬೇಕೋ ಆತನನ್ನೇ ಕೇಳೋಣ ಎಂದಿರಿ.

ಒಮ್ಮತ ಬಾರದಿದ್ದಾಗ ಪ್ರಾರ್ಥಿಸಿ ಚೀಟಿ ಎತ್ತುವುದು ನಮ್ಮ ಹಳೆಯ ಪದ್ಧತಿ. ಒಂದರಲ್ಲಿ ‘ಇರಲಿ’, ಇನ್ನೊಂದರಲ್ಲಿ ‘ಮುಚ್ಚಲಿ’. ಎಂದಿನಂತೆ ಸಭೆಯ ಎದುರು ಬರೆಯಬೇಕಿತ್ತು. ಅಂದು ನೀವೇ ಬರೆದು, ಮಡಚಿ, ಜೇಬಿನಲ್ಲಿ ತಂದಿದ್ದಿರಿ. ನಮಗೇಕೆ ತೊಂದರೆ ಎಂಬ ದೊಡ್ಡ ಮನಸ್ಸು! ಎತ್ತಿದರೆ ‘ಮುಚ್ಚಲಿ’. ಅದಕ್ಕೆ ಒಂದು ವಾರ ಮೊದಲೇ ಇಬ್ಬರು ಅಪರಿಚಿತರು ಜಾಗ ಕೊಳ್ಳುವವರ ಹಾಗೆ ಅಳತೆ ಟೇಪು ಹಿಡಿದು ಹಾಸ್ಟೆಲ್ ಸುತ್ತಿದ್ದರಲ್ಲ, ಅದೂ ಪ್ರವಾದನೆಯಲ್ಲಿ ಇತ್ತೇ?

ನಿಮಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ದೇವಾಲಯ ಗುಡಿಸುವ ನಮ್ಮ ಗದ್ದೆಮ್ಮ, ಪ್ರಾರ್ಥನೆ ಮಾಡಿದ ಕಾಗದವನ್ನು ಕಸಕ್ಕೆ ಹಾಕುವುದಿಲ್ಲ. ಎತ್ತದೆ ಉಳಿದ ಚೀಟಿಯನ್ನು ಜೋಪಾನವಾಗಿ ತೆಗೆದಿಡುತ್ತಾಳೆ. ಆಕೆಗೆ ಓದು ಬಾರದು. ಮರುದಿನ ಅದನ್ನು ನನ್ನ ಹತ್ತಿರ ತಂದಳು.

“ಸವಿತಾ, ಇದ್ರಾಗ ‘ಇರಲಿ’ ಅಂತ ಬರದದಲ್ಲ, ಒಮ್ಮಿ ಓದಿ ಕೇಳಸು. ನಮ್ಮ ಹುಡುಗ್ಯಾರ ಪರವಾಗಿ ಇದ್ದ ಮಾತು ಅದೊಂದೇ.”

ಬಿಡಿಸಿದೆ. ಅದರಲ್ಲೂ ‘ಮುಚ್ಚಲಿ’. ನಿಮ್ಮದೇ ಕೈಬರಹ, ನಿಮ್ಮದೇ ಹಸಿರು ಶಾಯಿ. ಹೇಳಿದಾಗ ಗದ್ದೆಮ್ಮ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಅಂದ್ರ ದೇವ್ರು ‘ಇರಲಿ’ ಅನ್ನಬೇಕಂದ್ರೂ ಅನ್ನಾಕ ಜಾಗಾನೇ ಇದ್ದಿಲ್ಲೇನು ಬೇ?”

ಮೇಲ್ವಿಚಾರಕರೇ, ಅವಳಿಗೆ ನೀವು ಉತ್ತರ ಕೊಡಿ. ಸರ್ವಾಧಿಕಾರ ದೇವರದ್ದು ಎಂದು ಸಾರಿದವರೇ ದೇವರ ಬಾಯಿ ಕಟ್ಟಿದಿರಿ! ಇನ್ನೊಂದು ಮಾತು. ಅರಸನ ಕನಸಿನ ಅರ್ಥವನ್ನು ಹೇಳಿದವನು ಯಾರು? ಸೆರೆಯಾಗಿ ಬಂದ ಯುವಕ, ಸಿಂಹಾಸನದ ಎದುರು ನಿಂತು. ಸಿಂಹಾಸನದ ಮೇಲಿದ್ದವರು ಸೆರೆಯವರಿಗೆ ಪ್ರವಾದನೆ ಹೇಳಿದ್ದನ್ನು ನಾನು ಎಲ್ಲೂ ಓದಿಲ್ಲ. ಗರ್ವದಿಂದ ಉಬ್ಬಿದ ಆ ಅರಸ ಎತ್ತಿನಂತೆ ಹುಲ್ಲು ಮೇಯ್ದದ್ದನ್ನು ಮಾತ್ರ ಓದಿದ್ದೇನೆ. ನಿಮ್ಮ ಪ್ರಸಂಗದಲ್ಲಿ ಆ ಭಾಗ ಯಾಕೋ ಬರಲೇ ಇಲ್ಲ.

ಕಳೆದ ವಾರ ದೇವದುರ್ಗದ ಕಡೆ ಹೋಗಿದ್ದೆ. ನಮ್ಮ ಹಾಸ್ಟೆಲಿನ ಮಾನಮ್ಮ, ಎಸ್ಸೆಸ್ಸೆಲ್ಸಿ ಹುಡುಗಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದಳು. ಅವಳ ಅಪ್ಪ ತಾಯಣ್ಣ ಕೈಮುಗಿದ. “ದೇವ್ರೇ ಮುಚ್ಚ್ಯಾನ ಅಂದಮ್ಯಾಲ ನಾವೇನು ಮಾಡಾಕ ಬರ್ತದ್ರೀ ಟೀಚರ್?”

ಮಾನಮ್ಮ ಕೆಲಸ ನಿಲ್ಲಿಸದೆ ಕೇಳಿದಳು: “ಟೀಚರ್, ನಾ ಓದೂದು ದೇವ್ರಿಗೂ ಬ್ಯಾಡಾತೇನ್ರೀ?”

ನನಗೆ ಅಳು ಬಂತು. ನಾನೂ ಅದೇ ಹಾಸ್ಟೆಲಿನಲ್ಲಿ ಓದಿದವಳು. ಕಟ್ಟಡ ಹೋದರೆ ಇನ್ನೊಂದು ಕಟ್ಟಬಹುದು. ದೇವರಿಗೇ ತಾನು ಬೇಡವಾದೆ ಎಂದು ಹದಿನೈದರ ಹುಡುಗಿ ನಂಬಿದರೆ, ಅದನ್ನು ಯಾರು ಸರಿಪಡಿಸುತ್ತಾರೆ?

ಆದ್ದರಿಂದ ನನ್ನ ಬೇಡಿಕೆ. ಬರುವ ಭಾನುವಾರದೊಳಗೆ ಹಾಸ್ಟೆಲ್ ಬೀಗ ತೆಗೆಸಿ. ಮಾರ್ಚಿಗೆ ಪರೀಕ್ಷೆ ಇದೆ. ಆಗದಿದ್ದರೆ ‘ಮುಚ್ಚಿದವನು ನಾನು’ ಎಂದು ಬರೆದು, ನಿಮ್ಮ ಹೆಸರಿನಲ್ಲಿ ರುಜು ಹಾಕಿ, ಆ ಹತ್ತಿ ಹೊಲಕ್ಕೆ ಹೋಗಿ ಮಾನಮ್ಮನ ಕೈಗೆ ನೀವೇ ಕೊಟ್ಟು ಬನ್ನಿ. ಅವಳು ಓದಬಲ್ಲಳು.

ಇಂತಿ,
ನೀವು ಪ್ರಾರ್ಥಿಸುವಾಗ ಇನ್ನು ಮೇಲೆ ಕಣ್ಣು ಮುಚ್ಚಲಾರದ,
ಸವಿತಾ, ಮಾನ್ವಿ