ಕೊನೆಯ ಮೆಟ್ಟಿಲ ಕಲ್ಲು

೧೪ ಮಾರ್ಚ್ ೧೯೩೮, ಜಗಳೂರು
ಬೆಳಿಗ್ಗೆ ಕೆಳಗೇರಿ ಬಾವಿ. ಮತ್ತೆ ಅದೇ — ಹೆಂಗಸರು ಮೆಟ್ಟಿಲಿಳಿದು ಮೊಣಕಾಲುದ್ದ ನೀರಲ್ಲಿ ನಿಂತು ಕೊಡ ತುಂಬುತ್ತಾರೆ. ನಾಲ್ವರ ಕಾಲಲ್ಲಿ ನಾರುಹುಣ್ಣು. ಹುಣ್ಣಿನ ಹುಳ ನೀರಿಗೆ, ನೀರು ಹೊಟ್ಟೆಗೆ, ವರ್ಷದ ಮೇಲೆ ಮತ್ತೆ ಕಾಲಿಗೆ. ಹೇಳಿ ಹೇಳಿ ಗಂಟಲು ಒಣಗಿತು. ಹೆಲ್ತ್ ಇನ್ಸ್‌ಪೆಕ್ಟರ್ ಅಂದರೆ ಇವರಿಗೆ ತಮಾಷೆ. ಮೆಟ್ಟಿಲಿಗೆ ಅಡ್ಡ ಗೋಡೆ ಕಟ್ಟಿ ರಾಟೆ ಹಾಕಿಸಲು ಆರ್ಡರ್ ಬಂದಿದೆ. ಯಾರನ್ನೂ ಕೇಳಬೇಕಾಗಿಲ್ಲ.

ಹೊನ್ನಾಳಿಯ ತವರಿಂದ ಸಿದ್ದಲಿಂಗಮ್ಮನ ಕಾಗದ. ಮಗಳಿಗೆ ಮೂರು ತಿಂಗಳು ತುಂಬಿತಂತೆ. ಆ ಹುಳದ ನೀರಿನ ಊರಿಗೆ ಕೂಸನ್ನು ತರುವುದಿಲ್ಲ ಎಂದು ಬರೆದಿದ್ದಾಳೆ. ಹೆಂಡತಿಯದು ತಪ್ಪೇನು? ನಾನೇ ಕುಡಿಯುವುದಿಲ್ಲ. ಧರ್ಮಪ್ಪನ ತೋಟದ ಬಾವಿಯಿಂದ ಗಾಡಿಯಲ್ಲಿ ತರಿಸುತ್ತೇನೆ.

೨ ಏಪ್ರಿಲ್
ಗೋಡೆ ಮುಗಿಯಿತು. ಹೊನ್ನಾಳಿಗೆ ಬರೆದೆ — ಇನ್ನು ಭಯವಿಲ್ಲ, ಬಾ.

೫ ಏಪ್ರಿಲ್
ಗೋಡೆ ಕೆಡವಿದ್ದಾರೆ. ಸಿಟ್ಟು ನೆತ್ತಿಗೇರಿತು. ಅಮಲ್ದಾರರಿಗೆ ರಿಪೋರ್ಟ್ ಬರೆದು, ಹರಿದೆ... ಅಡುಗೆ ಮಾಡಲಿಲ್ಲ. ಮಾತಾಡಲು ಒಬ್ಬರಿಲ್ಲ ಈ ಊರಲ್ಲಿ.

೬ ಏಪ್ರಿಲ್
ಬಾವಿಯ ಹತ್ತಿರ ಉಚ್ಚಂಗೆಮ್ಮ ಸಿಕ್ಕಳು. ಎಪ್ಪತ್ತರ ಮುದುಕಿ. ಕೆಡವಿಸಿದ್ದು ತಾನೇ ಎಂದಳು, ಮುಚ್ಚುಮರೆಯಿಲ್ಲ. ಸೊಸೆ ಕೊಟ್ರಮ್ಮ ಬಾಣಂತಿ. ಬಾಣಂತಿಯಾದವಳು ಕೊನೆಯ ಮೆಟ್ಟಿಲಿಗಿಳಿದು ಗಂಗಮ್ಮನಿಗೆ ಎಲೆ ಅಡಿಕೆ ಇಟ್ಟು ಪೂಜೆ ಮಾಡದ ಹೊರತು ಕೊಡ ಹೊರುವಂತಿಲ್ಲವಂತೆ. ಗೋಡೆ ಕಟ್ಟುವಾಗ ನನಗಿದು ಹೊಳೆಯಲೇ ಇಲ್ಲ. ಹೊಳೆಯುವುದೇನು, ಕೇಳಲೇ ಇಲ್ಲ.

ಆ ಕೊನೆಯ ಮೆಟ್ಟಿಲ ಕಲ್ಲನ್ನೇ ಮೇಲೆ ತಂದು ರಾಟೆಯ ಪಕ್ಕ ನೆಟ್ಟರೆ ಆಗದೇ ಎಂದೆ. ಸೊಂಟದ ಕೊಡ ಕೆಳಗಿಟ್ಟಳು.

"ಆಗ್ತೈತೆ. ಆದ್ರೆ ಸಾಹೇಬ್ರು ಧರ್ಮಪ್ಪನ ನೀರು ಕುಡೀತಾರೆ, ನಮಗೆ ಈ ನೀರು ಕುಡೀರಿ ಅಂತಾರೆ. ಅದು ಹೆಂಗ್ರೀ?"

ಮುಖಕ್ಕೆ ಹೊಡೆದ ಹಾಗಾಯಿತು. ಬೊಗಸೆ ಒಡ್ಡಿದೆ. ಆಗಷ್ಟೇ ತುಂಬಿದ ಕೊಡದಿಂದ ಸುರಿದಳು. ಬಟ್ಟೆಯಲ್ಲಿ ಸೋಸಲು ಹೇಳಬೇಕಿತ್ತು. ನಾಚಿಕೆ. ಹೇಳಲಿಲ್ಲ, ಕುಡಿದೆ.

೨೦ ಏಪ್ರಿಲ್
ಕಲ್ಲು ಮೇಲೆ ಬಂತು. ಹೊಸ ಗೋಡೆಗೆ ಊರವರೇ ಕೈ ಹಾಕಿದರು. ಕೊಟ್ರಮ್ಮ ಪೂಜೆ ಮಾಡಿ ರಾಟೆಯಿಂದ ಮೊದಲ ಕೊಡ ಸೇದಿದಳು. ನಾನು ಗಾಡಿ ನೀರು ತರಿಸುವುದು ಬಿಟ್ಟೆ. ಹೊನ್ನಾಳಿಯಿಂದ ಉತ್ತರವಿಲ್ಲ. ನಾನೂ ಹೋಗುವುದಿಲ್ಲ. ಬಂದರೆ ಅವಳೇ ಬರಲಿ.

೩ ಮೇ ೧೯೩೯
ಎಡ ಪಾದದ ಮೇಲೆ ಗುಳ್ಳೆ. ಉರಿ. ನಾರುಹುಣ್ಣೆಂದು ಗೊತ್ತಾಯಿತು. ಊರಲ್ಲಿ ಈ ವರ್ಷ ಹದಿನೇಳು ಜನರಿಗೆ — ಎಲ್ಲ ಗೋಡೆಗೆ ಮುಂಚೆ ಕುಡಿದ ನೀರು. ರಿಜಿಸ್ಟರಿನಲ್ಲಿ ಹದಿನೆಂಟನೆಯ ಹೆಸರು ನಾನೇ ಬರೆದೆ: ಬೆನಕಪ್ಪ, ಹೆಲ್ತ್ ಇನ್ಸ್‌ಪೆಕ್ಟರ್.

೧೯ ಮೇ
ಉಚ್ಚಂಗೆಮ್ಮ ದಿನಾ ಬಂದು ನನ್ನ ಕಾಲಿನ ಹುಳವನ್ನು ಕಡ್ಡಿಗೆ ಸುತ್ತುತ್ತಾಳೆ. ದಿನಕ್ಕೆ ಒಂದಂಗುಲ. ಎಳೆದರೆ ತುಂಡಾಗುತ್ತದೆ. ಸೋಸದೆ ಸುರಿದೆನಲ್ಲ ಎಂದು ಅವಳಿಗೆ ಸಂಕಟ. ಬೊಗಸೆ ಒಡ್ಡಿದವನು ನಾನು ಎಂದೆ.

ಹೊನ್ನಾಳಿಗೆ ಮುಚ್ಚಿಡದೆ ಬರೆದಿದ್ದೆ. ಇಂದು ಉತ್ತರ, ಒಂದೇ ಸಾಲು. "ನಾ ಹೇಳಿರಲಿಲ್ವಾ." ಮಗಳು ನಡೆಯುತ್ತಾಳೋ ಇಲ್ಲವೋ, ಅದನ್ನೂ ಬರೆದಿಲ್ಲ. ಬಾಗಿಲು ಹಾಕಿಕೊಂಡು ಅತ್ತೆ.

೩೦ ಜೂನ್ ೧೯೪೦
ಬೇಸಿಗೆ ಕಳೆಯಿತು. ಮನೆ ಮನೆ ತಿರುಗಿದೆ. ಒಬ್ಬರಿಗೂ ಇಲ್ಲ. ರಿಜಿಸ್ಟರ್ ಖಾಲಿ! ಈ ಸುದ್ದಿ ಯಾರಿಗೆ ಹೇಳಲಿ? ಕೋಣೆಗೆ ಬಂದು ಇಬ್ಬರಿಗಾಗುವಷ್ಟು ಅನ್ನ ಮಾಡಿ, ಒಬ್ಬನೇ ಉಂಡೆ.

ಹೊನ್ನಾಳಿಗೆ ಬರೆದೆ. ಈ ಸಲ ಬಾ ಎನ್ನಲಿಲ್ಲ. ಎರಡು ವರ್ಷ ಹಟ ಮಾಡಿದ್ದು ನನ್ನದೂ ತಪ್ಪೇ, ನಾನೇ ಬರಲೇ ಎಂದು ಕೇಳಿದೆ.

೧೧ ಜುಲೈ, ಸಂಜೆ
ಸಿದ್ದಲಿಂಗಮ್ಮ ದಾವಣಗೆರೆ ಬಸ್ಸಿನಿಂದ ಇಳಿದಳು. ಹೇಳದೆ ಕೇಳದೆ. ಮೊದಲು ನೋಡಿದ್ದು ನನ್ನ ಪಾದದ ಕಲೆ. ಮಗು ಅವಳ ಸೆರಗು ಹಿಡಿದು, "ಇವರ್ಯಾರು?" ಎಂದಿತು. ಎರಡೂವರೆ ವರ್ಷ. ಕೇಳಬೇಕಾದ್ದೇ.

ಬಾವಿಯ ನೀರು ಸೋಸಿ ಒಂದು ಲೋಟ ಕೊಟ್ಟೆ. ಎಲ್ಲಿಯದು ಎಂದು ಕೇಳಲಿಲ್ಲ. ಹಿಡಿದುಕೊಂಡೇ ನಿಂತಳು. ನೋಡಲಾರದೆ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಲೋಟ ಕೆಳಗಿಟ್ಟ ಸದ್ದು. ಕುಡಿದಳೋ, ಹಾಗೇ ಇಟ್ಟಳೋ...

ಕರೆಯುತ್ತಿದ್ದಾಳೆ. ಇನ್ನೊಂದು ಲೋಟ ಬೇಕಂತೆ, ಕೂಸಿಗೆ —