ಹೊಟ್ಟೆಯ ರೋಗಕ್ಕೆ ಕಣ್ಣಿನ ಎಕ್ಸರೇ

ಕುಪವಾಡ
೯ ಜನವರಿ ೨೦೨೫

ಪ್ರೀತಿಯ ಶುಭಮನ ಪಪ್ಪಾ,

ಸಪ್ರೇಮ ಜೈಭೀಮ. ವಾಪಿಯ ಸೈಟಿನಲ್ಲಿ ಆರಾಮವಾಗಿದ್ದೀರಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರೋ, ಬರೀ ಚಹಾದ ಮೇಲೆಯೇ ದಿನ ದೂಡುತ್ತೀರೋ? ಫೋನಿದ್ದೂ ಕಾಗದ ಏಕೆ ಎನ್ನಬೇಡಿ. ನಿಮ್ಮ ಫೋನು ಬಂದರೆ ಮಾವನವರು ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ಅವರ ಮುಂದೆ ಇದನ್ನು ಹೇಳುವಂತಿಲ್ಲ.

ನಿಮಗೆ ಗೊತ್ತಲ್ಲ, ಮಿರಜದ ಆ ಡಾಕ್ಟರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಸಿ.ಟಿ.ಯಲ್ಲಿ ಮಾವನವರ ಕರುಳಿನ ಕ್ಯಾನ್ಸರ್ ಗಡ್ಡೆ ಕಂಡಿದೆ. ಲಿವರಿನ ಮೇಲಿನ ಒಂದು ಕಲೆ ಮಾತ್ರ ಅದೇ ರೋಗವೋ ಅಲ್ಲವೋ ತಿಳಿಯುತ್ತಿಲ್ಲವಂತೆ. ಎಮ್‌ಆರ್‌ಐ ಮಾಡಿಸಿ, ಎರಡೂ ಚಿತ್ರಗಳನ್ನು ಜೋಡಿಸಿ ನೋಡಿದ ಮೇಲೇ ಆಪರೇಷನ್ನಿನ ಮಾತು ಎಂದರು. ಒಂದು ಮಷೀನಿಗೆ ತಿಳಿಯದ್ದು ಇನ್ನೊಂದಕ್ಕೆ ಹೇಗೆ ತಿಳಿಯುತ್ತದೆ ಎಂದು ಗೊಣಗುತ್ತಲೇ ಸೋಮವಾರ ಕರೆದೊಯ್ದೆ. ಮಷೀನು ನಡೆಸುವ ಭೂಷಣ ಎಂಬವರು ಫಾರ್ಮ್ ತುಂಬಿಸುತ್ತ, ಕಬ್ಬಿಣ ಗ್ರೈಂಡಿಂಗ್ ಕೆಲಸ ಮಾಡಿದ್ದೀರಾ ಎಂದು ಕೇಳಿದರು. ಮಾವನವರು ಕಣ್ಣು ಮಿಟುಕಿಸದೆ, "ಇಲ್ಲರಿ, ನಾ ಬರೇ ಗೇಟಿನ ವಾಚಮನ್ ಇದ್ದೆ" ಎಂದುಬಿಟ್ಟರು! ಇಪ್ಪತ್ತೆರಡು ವರ್ಷ ಗ್ರೈಂಡರ್ ಹಿಡಿದ ಮನುಷ್ಯ! ನಾನು ನಿಜ ಹೇಳಿದೆ. ಮಾವನವರು ನನ್ನನ್ನು ಸುಡುವ ಹಾಗೆ ನೋಡಿದರು. ಭೂಷಣ ಮಾವನವರನ್ನು ಮೊದಲು ಕಣ್ಣಿನ ಎಕ್ಸರೇಗೆ ಕಳಿಸಿದರು.

ರೋಗ ಹೊಟ್ಟೆಯಲ್ಲಿ, ಫೋಟೋ ಕಣ್ಣಿನದು! ಬೇರೆ ಯಾರದೋ ಕಾಗದ ಅದಲುಬದಲಾಗಿದೆ ಎಂದು ಫೈಲಿನಲ್ಲಿ ದಾದಾಸಾಬ ಎಂಬ ಮಾವನವರ ಹೆಸರನ್ನು ಮೂರು ಸಲ ನೋಡಿದೆ. ಆಮೇಲೆ ಭೂಷಣ ಎಡಗಣ್ಣಿನಲ್ಲೊಂದು ಬಿಳಿ ಚುಕ್ಕೆ ತೋರಿಸಿ, "ಕಬ್ಬಿಣದ ಚೂರು, ಅಕ್ಕಾರ. ಈ ಮಷೀನ್ಯಾಗ ದೊಡ್ಡ ಅಯಸ್ಕಾಂತ ಐತಿ. ಮಲಗಿಸಿದ್ರ ಚೂರು ಸರದು ಕಣ್ಣ ಹೋಗತಿತ್ತು" ಎಂದರು.

ಮನೆಗೆ ಬಂದು ಎರಡು ದಿನ ಕಾಡಿದ ಮೇಲೆ ಮಾವನವರು ಬಾಯಿ ಬಿಟ್ಟರು. ಚೂರು ಹೊಕ್ಕು ಹದಿಮೂರು ವರ್ಷವಾಯಿತಂತೆ. ಶೆಡ್ಡಿನಲ್ಲಿ ಗಾಗಲ್ ಇರಲಿಲ್ಲ, ನೀರಿನಿಂದ ತೊಳೆದುಕೊಂಡು ಸುಮ್ಮನಾದರಂತೆ. ಈಗಲೂ ಏಕೆ ಮುಚ್ಚಿಟ್ಟಿರಿ ಎಂದರೆ, "ದವಾಖಾನಿ ಕಾರ್ಡ ನನ್ನ ಮಗ ರತ್ನದೀಪ ದುಡಿಯೂ ಕಂಪನೀದು. ದವಾಖಾನ್ಯಾಗ ಬರದದ್ದೆಲ್ಲ ಮಾಲಕನ ಟೇಬಲ್ಲಿಗೆ ಹೋಗತೈತಿ. ಹುಡುಗನ ನೌಕರಿಗೆ ಕುತ್ತು ಬರತೈತಿ" ಎಂದರು. ಇಎಸ್‌ಐ ಕಾರ್ಡು ಸರಕಾರದ ವಿಮೆಯದು, ಹಾಗೆಲ್ಲ ಮಾಲಕನಿಗೆ ಹೋಗುವುದಿಲ್ಲ ಎಂದು ಎಷ್ಟು ಹೇಳಿದರೂ ನಂಬುವುದಿಲ್ಲ. ಅನುಮಾನದಲ್ಲಿ ನನ್ನನ್ನೂ ಮೀರಿಸಿದವರು. ಸಿಟ್ಟು ಬಂತು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಎಮ್‌ಆರ್‌ಐ ಬದಲು ಈಗ ಪೆಟ್ ಸ್ಕ್ಯಾನ್ ಎಂದಿದ್ದಾರೆ. ಇಂಜೆಕ್ಷನ್ ಕೊಟ್ಟು ತೆಗೆದ ಚಿತ್ರವನ್ನು ಸಿ.ಟಿ. ಚಿತ್ರದ ಮೇಲಿಟ್ಟು ಆ ಕಲೆಯನ್ನು ನೋಡುತ್ತಾರಂತೆ. ಮುಂದಿನ ಗುರುವಾರ ಹೋಗಬೇಕು, ಮಾವನವರು ಒಲ್ಲೆ ಎನ್ನುತ್ತಾರೆ. ತಡವಾದರೆ ಆಪರೇಷನ್ನೂ ಕೈತಪ್ಪುತ್ತದೆ. ಕಾಗದ ಮುಟ್ಟಿದ ಕೂಡಲೇ ಫೋನು ಮಾಡಿ, ನೌಕರಿಗೆ ಏನೂ ಆಗುವುದಿಲ್ಲ ಎಂದು ನೀವೇ ಹೇಳಿ. ನಿಮ್ಮ ಮಾತಾದರೆ ಕೇಳುತ್ತಾರೆ.

ಅತ್ತೆಯವರ ಆಶೀರ್ವಾದ. ಶುಭಮ ದಿನಾ ನೆನೆಯುತ್ತಾನೆ.

ನಿಮ್ಮ
ಸ್ನೇಹಲ

ತಾ.ಕ.: ನೀವೂ ಅದೇ ಶೆಡ್ಡಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವರು. ಶನಿವಾರ ವಿಡಿಯೋದಲ್ಲಿ ಶುಭಮ ಬಿಡಿಸಿದ ಚಿತ್ರ ನೋಡುವಾಗ ಎಡಗಣ್ಣು ಮುಚ್ಚಿಕೊಂಡಿರಿ. ಧೂಳು ಬಿದ್ದಿದೆ ಎಂದಿರಿ. ದೀಪಾವಳಿಯಲ್ಲೂ ಅದನ್ನೇ ಹೇಳಿದ್ದಿರಿ. ಎಕ್ಸರೇ ತೆಗೆಸಿ ಅದರ ಫೋಟೋ ಕಳಿಸಿ. ಬಾಯಿಮಾತು ನನಗೆ ಬೇಡ.